ಯಜಮಾನರ ಚಡ್ಡಿ ಊರು ಸುತ್ತಿದ್ದು

ಯಜಮಾನರಿಗೆ ಈ ಲೋಕದಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ಭಾನುವಾರ ಬೆಳಿಗ್ಗೆ ಎಬ್ಬಿಸುವವರನ್ನು ಬಿಟ್ಟು. ವಾರದ ಆರು ದಿನ ವಿಮಾ ಕಚೇರಿಯಲ್ಲಿ ಕೂತು ಕಂಡವರ ಪ್ರಾಣಕ್ಕೆ ಬೆಲೆ ಕಟ್ಟುವ ಮನುಷ್ಯ ಏಳನೆಯ ದಿನ ಒಂದಿಷ್ಟು ಹೆಣದ ಹಾಗೆ ಬಿದ್ದುಕೊಂಡರೆ ಯಾರಪ್ಪನ ಗಂಟು ಹೋಗುತ್ತೆ? ಹೆಂಡತಿಯ ಪ್ರಕಾರ ಹೋಗುತ್ತಿತ್ತು. ಬೆಳಗಿನ ವಾಕಿಂಗಿನಿಂದ ಹೊಟ್ಟೆ ಕರಗುತ್ತದೆ ಅಂತ ಯಾರೋ ಪುಣ್ಯಾತ್ಮರು ಆಕೆಯ ಕಿವಿಯಲ್ಲಿ ಊದಿಬಿಟ್ಟಿದ್ದರು. ಅಂದಿನಿಂದ ಪ್ರತಿ ಭಾನುವಾರ ಐದೂವರೆಗೆ ಆ ಮನೆಯಲ್ಲಿ ಹೊದಿಕೆ ಎಳೆದಾಟದ ಮಹಾಸಂಗ್ರಾಮ. ಗೆಲ್ಲುತ್ತಿದ್ದವರು ಯಾರು ಅಂತ ಬೇರೆ ಹೇಳಬೇಕೇ? (ಯಜಮಾನರು ಅನ್ನೋದು ಹೆಸರಿಗೆ ಮಾತ್ರ. ಯಜಮಾನಿಕೆ ಮುಂದಿನ ಕೋಣೆಯ ಹೊಲಿಗೆ ಮಷೀನಿನ ಹಿಂದೆ ಕೂತಿತ್ತು.)

ಹೀಗಿರುವಾಗ ಒಂದು ಸಂಜೆ ಅವರ ಬಾಲ್ಯದ ಗೆಳೆಯ, ಹಲ್ಲಿನ ಡಾಕ್ಟರು, ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ಬಂದ.

"ಅರ್ಧ ಮ್ಯಾರಥಾನ್ ರಿಲೇ ಕಣೋ! ಮೂರು ಜನ ಹಂಚಿಕೊಂಡು ಓಡೋದು. ನಾನು, ನಮ್ಮ ಡ್ರೈವಿಂಗ್ ಸ್ಕೂಲಿನವನು, ನೀನು. ಹೆಸರು ಕೊಟ್ಟಾಯ್ತು."

"ನನ್ನ ಕೇಳದೇ?"

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ. ಮೊದಲು ಓಡೋನು ನೀನೇ. ಕೊನೆಗಿಟ್ಟರೆ ನೀನು ಅಷ್ಟೊತ್ತಿಗೆ ಮನೆ ಸೇರಿರ್ತೀಯ."

ಯಜಮಾನರು ಮಂಡಿ ನೋವು ಅಂದರು, ಸೊಂಟ ನೋವು ಅಂದರು, ಕಚೇರಿಯಲ್ಲಿ ಲೆಕ್ಕ ತಪಾಸಣೆ ಅಂದರು. ಆಗ ಮಷೀನಿನ ಸದ್ದು ಗಕ್ಕನೆ ನಿಂತಿತು.

"ನೋಡ್ರೀ, ಒಂದೇ ಮಾತು. ನಿಮ್ಮ ಟೀಮು ಕೊನೇ ಗೆರೆ ದಾಟಲಿ, ಈ ಜನ್ಮದಲ್ಲಿ ನಿಮ್ಮನ್ನ ವಾಕಿಂಗಿಗೆ ಎಬ್ಬಿಸಲ್ಲ. ದಾಟಲಿಲ್ಲ ಅಂದ್ರೆ ಭಾನುವಾರ ಮಾತ್ರ ಅಲ್ಲ, ದಿನಾ!"

ಯಜಮಾನರ ಕಣ್ಣ ಮುಂದೆ ಸಾಯುವವರೆಗಿನ ಅಷ್ಟೂ ಭಾನುವಾರಗಳು ಮೆತ್ತಗೆ ಹಾಸಿಗೆ ಹಾಸಿಕೊಂಡು ಕರೆದವು. "ಡಾಕ್ಟರೇ," ಅಂದರು ಎದ್ದು ನಿಂತು, "ಎಲ್ಲಿ ಓಡಬೇಕು ಹೇಳಿ."

ಓಟದ ಹಿಂದಿನ ದಿನ ಡಾಕ್ಟರು ಒಂದು ಸೊಂಟದ ಪಟ್ಟಿ ತಂದು ಕೊಟ್ಟ. ಅದರೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್. "ಇದೇ ನಮ್ಮ ಪ್ರಾಣ. ಗೆರೆ ದಾಟಿದ್ದನ್ನ ಲೆಕ್ಕ ಹಿಡಿಯೋದು ಇದೇ. ಪಟ್ಟಿ ಹೋಯ್ತು ಅಂದ್ರೆ ಟೀಮು ಔಟ್," ಅಂತ ಹೇಳಿ ಹೋದ.

ಯಜಮಾನರು ಪಟ್ಟಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. ಯಾಕೆಂದರೆ ವಸ್ತು ಕಳೆಯುವುದರಲ್ಲಿ ಅವರದು ಎತ್ತಿದ ಕೈ. ಕೊಡೆ, ಕನ್ನಡಕ, ಊಟದ ಡಬ್ಬಿ, ಒಂದು ಸಲ ರೈಲ್ವೆ ಸ್ಟೇಷನ್ನಿನಲ್ಲಿ ಅತ್ತೆಯವರನ್ನೇ ಕಳೆದಿದ್ದರು. (ಅದು ಮರೆವಲ್ಲ ಅಂತ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ.)

"ಲೇ, ಇದನ್ನ ಚಡ್ಡಿಗೆ ಸೇರಿಸಿ ಹೊಲಿದುಬಿಡೇ. ಜಪ್ಪಯ್ಯ ಅಂದ್ರೂ ಬಿಚ್ಚಬಾರದು."

ಮದುವೆಯಾದ ಮೇಲೆ ಮೊದಲ ಸಲ ಗಂಡನ ಮಾತನ್ನು ಆಕೆ ಅಕ್ಷರಶಃ ಪಾಲಿಸಿದಳು. 'ಬಟ್ಟೆ ಹರಿದೀತು, ನನ್ನ ಹೊಲಿಗೆ ಬಿಚ್ಚಲ್ಲ' ಎನ್ನುವ ಹೆಂಗಸು. ಚಡ್ಡಿಯ ಸೊಂಟದ ಸುತ್ತ ದಪ್ಪ ದಾರದಲ್ಲಿ ಎರಡು ಸಾಲು ಹೊಡೆದು, ಪಟ್ಟಿಯ ಕೊಕ್ಕೆಯ ಮೇಲೂ ಒಂದು ಸಾಲು ಎಳೆದಳು. ಹೇಗೂ ಪಟ್ಟಿಗೂ ಚಡ್ಡಿಯ ಸೊಂಟಕ್ಕೂ ಎಲಾಸ್ಟಿಕ್ ಇತ್ತಲ್ಲ. ಯಜಮಾನರು ಜಗ್ಗಿ ನೋಡಿ ಸಂತೃಪ್ತರಾದರು.

ಮಾರನೆಯ ದಿನ ಓಡಿದರು ಅನ್ನುವುದಕ್ಕಿಂತ ಭೂಮಿ ಅವರ ಕೆಳಗೆ ನಿಧಾನವಾಗಿ ಹಿಂದಕ್ಕೆ ಹೋಯಿತು ಅನ್ನಬಹುದು. ಮಗುವಿನ ತಳ್ಳುಗಾಡಿ ದೂಡುತ್ತಿದ್ದ ಹೆಂಗಸೊಬ್ಬಳು, "ಸ್ವಲ್ಪ ಸೈಡು ಕೊಡಿ ಅಂಕಲ್," ಅಂತ ದಾಟಿ ಹೋದಳು. ನಾಲಿಗೆ ಎದೆಗೆ ಬಂತು, ಎದೆ ಬಾಯಿಗೆ ಬಂತು. ಆದರೂ ಭಾನುವಾರ, ಭಾನುವಾರ ಅಂತ ಜಪಿಸುತ್ತ ಮೊದಲ ಬದಲಾವಣೆಯ ಜಾಗ ಮುಟ್ಟಿಯೇ ಬಿಟ್ಟರು.

ಅಲ್ಲಿ ಡ್ರೈವಿಂಗ್ ಸ್ಕೂಲಿನವನು ಗೇರು ಹಾಕಿಕೊಂಡು ನಿಂತಿದ್ದ. ಆರಡಿ ಉದ್ದ, ಅಗಲ ಮಾತ್ರ ಅಳತೆಗೆ ಸಿಗದಷ್ಟು ಸಣಕಲು.

"ಕೊಡೋ ಪಟ್ಟಿ!"

"ಪಟ್ಟಿ ನಿನಗ್ಯಾಕೆ?"

"ಇದು ರಿಲೇ ಕಣೋ, ಮುಂದೆ ನಾನು ಕಟ್ಕೊಂಡು ಓಡಬೇಕಲ್ಲ!"

ಅಯ್ಯೋ ದೇವರೇ! ಗಂಡನಿಗೂ ಹೊಳೆದಿರಲಿಲ್ಲ, ಹೆಂಡತಿಗೂ ಹೊಳೆದಿರಲಿಲ್ಲ. ಅವನು ಪಟ್ಟಿ ಹಿಡಿದು ಎಳೆದ. ಚಡ್ಡಿಯೂ ಹೊರಟಿತು. ಯಜಮಾನರು "ಮಾನ! ಮಾನ!" ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೀಟಿ ಹಿಡಿದು ನಿಂತಿದ್ದ ಮೇಲ್ವಿಚಾರಕಿಯನ್ನು ಕತ್ತರಿ ಕೇಳಿದರೆ, "ಪಟ್ಟಿಯ ಹತ್ತಿರ ಕತ್ತರಿ ಬಂದ್ರೂ ಟೀಮು ಔಟ್ ಸಾರ್," ಅಂದಳು.

"ಹಾಗಾದ್ರೆ ಬಿಚ್ಚೋ ಚಡ್ಡೀನೇ!"

"ಇಲ್ಲೇನಾ?"

"ಇನ್ನೆಲ್ಲಿ? ಅಗೋ, ಅಲ್ಲಿ!"

ಪಕ್ಕದಲ್ಲಿ ನಿಲ್ಲಿಸಿದ್ದ ಸಂಚಾರಿ ಶೌಚಾಲಯದ ಡಬ್ಬಕ್ಕೆ ಇಬ್ಬರು ಐವತ್ತು ದಾಟಿದ ಗಂಡಸರು ನುಗ್ಗಿ ಬಾಗಿಲು ಹಾಕಿಕೊಂಡರು. ಒಬ್ಬರೇ ನಿಲ್ಲಲಾಗದ ಜಾಗ. ಡಬ್ಬ ಆ ಕಡೆ ಈ ಕಡೆ ಓಲಾಡಿತು. "ನನ್ನ ಕಾಲು ಕಣೋ ಅದು!" "ನಿಂದಾ? ನಂದು ಅನ್ಕೊಂಡೆ!" ಹೊರಗೆ ಸಾಲು ನಿಂತವರು ಮುಖ ಮುಖ ನೋಡಿಕೊಂಡರು. ಕೊನೆಗೆ ಡ್ರೈವಿಂಗ್ ಸ್ಕೂಲಿನವನು ಯಜಮಾನರ ಚಡ್ಡಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಕೈ ಬೀಸುತ್ತ ಓಡಿದ. ಅವನ ಚಡ್ಡಿ ಯಜಮಾನರ ತೊಡೆಯಿಂದ ಮೇಲೆ ಬರಲು ಸುತಾರಾಂ ಒಪ್ಪಲಿಲ್ಲ. ಅವರು 'ಆರೋಗ್ಯವೇ ಭಾಗ್ಯ' ಅಂತ ಬರೆದಿದ್ದ ಬ್ಯಾನರ್ ಸುತ್ತಿಕೊಂಡು ಬಸ್ಸು ಹತ್ತಿ ಕೊನೇ ಗೆರೆಗೆ ಹೋದರು.

ಗೆರೆಯ ಹತ್ತಿರ ಹೆಂಡತಿ ಕಾದಿದ್ದಳು. ಗಂಡನ ಉಡುಪು ನೋಡಿ ಆಕೆ ಬಾಯಿ ತೆರೆಯುವಷ್ಟರಲ್ಲಿ ದೂರದಲ್ಲಿ ಡಾಕ್ಟರು ಕಾಣಿಸಿಕೊಂಡ. ಯಜಮಾನರಿಗಿಂತ ಒಂದೂವರೆ ಪಟ್ಟು ಹೊಟ್ಟೆ. ಉಸಿರು ಬಿಟ್ಟರೆ ಅನಾಹುತ ಅಂತ ಕೆನ್ನೆ ಉಬ್ಬಿಸಿಕೊಂಡು ಬರುತ್ತಿದ್ದ.

"ರೀ! ಅದು ನಿಮ್ಮ ಚಡ್ಡಿ! ಒಳಗಿರೋರು ಬೇರೆಯೋರು!"

"ಸುಮ್ನಿರೇ, ಎಲ್ಲರಿಗೂ ಕೇಳುತ್ತೆ!"

ಎಲ್ಲರಿಗೂ ಕೇಳಿಸಿತು. ಆದರೇನು, ಡಾಕ್ಟರು ಗೆರೆ ದಾಟಿದ, ಚಿಪ್ ಕೀಂ ಅಂದಿತು. ಸ್ಥಾನ ಕಟ್ಟಕಡೆಯದು. ಯಜಮಾನರು ಬ್ಯಾನರ್ ಎತ್ತಿ ಹಿಡಿದು ಕುಣಿದೇ ಬಿಟ್ಟರು. "ಗೆದ್ದೆ ಕಣೇ! ಭಾನುವಾರ ನಂದು!"

"ಆಯ್ತು ಮಾರಾಯ್ರೇ, ಕೊಟ್ಟ ಮಾತು ಮಾತೇ," ಅಂದಳು ಹೆಂಡತಿ.

ಅಷ್ಟರಲ್ಲಿ ಓಟಗಾರರ ಸಂಘದ ಕಾರ್ಯದರ್ಶಿ ಮೇಡಂ ಬಂದು ಡಾಕ್ಟರ ಸೊಂಟವನ್ನೇ ಬಗ್ಗಿ ನೋಡಿದರು. "ಮೂರು ಸೈಜಿನ ಮೂರು ಜನ ಹಾಕ್ಕೊಂಡು ಓಡಿದ್ರೂ ಒಂದು ದಾರ ಬಿಚ್ಚಿಲ್ಲವಲ್ರೀ! ಯಾರಮ್ಮಾ ಹೊಲಿದಿದ್ದು? ನಮ್ಮ ಸಂಘದವರಿಗೆಲ್ಲ ಹೊಲಿದು ಕೊಡ್ತೀರಾ?"

ಹೆಂಡತಿಯ ಮುಖ ಅರಳಿತು. ಯಜಮಾನರೂ ದೊಡ್ಡ ಮನಸ್ಸಿನಿಂದ, "ಭೇಷ್! ಒಪ್ಕೋ," ಅಂದರು. ಒಪ್ಪಿಕೊಂಡಳು.

ಮುಂದಿನ ಭಾನುವಾರ ಬೆಳಗಿನ ಜಾವ ಹೊದಿಕೆ ಸರ್ರನೆ ಹೋಯಿತು.

"ಏಳ್ರೀ, ಐದು ಗಂಟೆ."

"ಮಾತು ಕೊಟ್ಟಿದ್ಯಲ್ಲೇ, ದ್ರೋಹಿ! ವಾಕಿಂಗಿಗೆ ಎಬ್ಬಿಸಲ್ಲ ಅಂತ!"

"ವಾಕಿಂಗಿಗೆ ಯಾರು ಎಬ್ಬಿಸಿದ್ರು? ಇದು ವ್ಯಾಪಾರ. ಹೊಲಿದ ಪ್ರತಿಯೊಂದು ಚಡ್ಡೀನೂ ಓಡಿಸಿ ನೋಡಿ ಕೊಡ್ತೀನಿ ಅಂತ ಮೇಡಂಗೆ ಹೇಳಿದ್ದೀನಿ."

"ಓಡೋರು ಯಾರು?"

ಹೆಂಡತಿ ಕೆಂಪು ಚಡ್ಡಿಯೊಂದನ್ನು ಅವರ ಕೈಗಿಟ್ಟಳು.

ಮೈದಾನದಲ್ಲಿ ಇನ್ನೂ ಕತ್ತಲು. ಯಜಮಾನರು ಕೆಂಪು ಚಡ್ಡಿಯಲ್ಲಿ ಒಂದು ಸುತ್ತು ಮುಗಿಸಿ ಏದುಸಿರು ಬಿಡುತ್ತ ಬಂದರು. ಹೆಂಡತಿ ಟಾರ್ಚು ಬಿಟ್ಟು ಹೊಲಿಗೆ ನೋಡಿದಳು, ತಲೆಯಾಡಿಸಿದಳು, ಪಕ್ಕದ ಚೀಲಕ್ಕೆ ಕೈ ಹಾಕಿದಳು.

"ಇದು ಪಾಸು. ಬೇಗ ನೀಲಿದು ಹಾಕ್ಕೊಳ್ಳಿ. ಮತ್ತೆ, ಈ ಸಲ ಸ್ವಲ್ಪ ಜೋರಾಗಿ ಓಡ್ರೀ, ಇದು ಸಂಘದ ಚಾಂಪಿಯನ್ನಿನದು!"