ಗ್ರೈಂಡರಿನ ಪಾಲು

ಮೋನಪ್ಪನ ಗ್ರಹಚಾರ ಶುರುವಾದದ್ದು ಕ್ಯಾಲ್ವಿನ್ ಕೊಟ್ಟ ಬುದ್ಧಿಮಾತಿನಿಂದ. ಅವನೂ ಹೆಂಡತಿ ಪುಷ್ಪಾವತಿಯೂ ಗದ್ದಲವಿಲ್ಲದೆ ವಿಚ್ಛೇದನ ಪಡೆಯುವುದೆಂದು ತೀರ್ಮಾನವಾಗಿತ್ತು. ಸುರತ್ಕಲ್ಲಿನ ಸೈಟನ್ನು ಮಾರಿ ಸಮಪಾಲು ಮಾಡುವ ಕೆಲಸ ಊರಿನ ವಕೀಲರದು. ಕೊಲ್ಲಿನಾಡಿನಲ್ಲಿ ಅವರು ವಾಸವಿದ್ದ ಮೈದಾನ್ ಹವಲ್ಲಿಯ ಫ್ಲ್ಯಾಟಿನ ಸಾಮಾನನ್ನು ಮಾತ್ರ ನೀವೇ ಕೂತು ಹಂಚಿಕೊಳ್ಳಿ ಎಂದಿದ್ದರು ಅವರು. ಶುಕ್ರವಾರ ಸಂಜೆ ಹಂಚಿಕೆ ಎಂದು ಗೊತ್ತಾಯಿತು. ಆಫೀಸಿನ ಕ್ಯಾಲ್ವಿನ್ ಇನ್ನೂ ಮದುವೆಯಾಗದವನಾದ್ದರಿಂದ ಸಂಸಾರದ ಬಗ್ಗೆ ಅವನಿಗೆ ಎಲ್ಲವೂ ತಿಳಿದಿತ್ತು.

“ಹೆಂಗಸರು ಅಡುಗೆಮನೆಯಿಂದ ಒಂದು ಚಮಚ ಸಹ ಬಿಟ್ಟುಕೊಡುವುದಿಲ್ಲ ಮಾರಾಯ. ನಿನಗೆ ಬೇಕಾದ್ದನ್ನು ಮೊದಲೇ ದಾಟಿಸು.”

ಮೋನಪ್ಪನಿಗೆ ಬೇಕಾದದ್ದು ಒಂದೇ, ಊರಿನಿಂದ ವಿಮಾನದಲ್ಲಿ ತಂದ ಗ್ರೈಂಡರ್. ಬಂಗುಡೆ ಸಾರಿನ ಮಸಾಲೆಯನ್ನು ಅದರಲ್ಲೇ ಅರೆದರೆ ಮಾತ್ರ ಅವನಿಗೆ ಅನ್ನ ಇಳಿಯುತ್ತಿತ್ತು. ಅದರ ಸ್ವಿಚ್ಚು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಶುಕ್ರವಾರ ಬೆಳಿಗ್ಗೆ ಪುಷ್ಪಾವತಿ ಹೊರಗೆ ಹೋದದ್ದೇ ತಡ, ಮೋನಪ್ಪ ಗ್ರೈಂಡರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಹೆರಿಗೆಗೆ ಹೊರಟವನಂತೆ ಹೊಟ್ಟೆಗೆ ಅವುಚಿಕೊಂಡು ನಾಲ್ಕನೇ ಮಹಡಿಯಿಂದ ಲಿಫ್ಟು ಹತ್ತಿದ. ಒಂದನೇ ಮಹಡಿಯ ಖತೀಜಮ್ಮನ ಮನೆಯಲ್ಲಿ ಅಡಗಿಸುವುದು ಅವನ ಉಪಾಯ. ಮೂರನೇ ಮಹಡಿಯಲ್ಲಿ ಖತೀಜಮ್ಮನ ಮಗ ಫೈಝಲ್ ಹತ್ತಿದ. ಎರಡನೆಯದು ಬರುವ ಮೊದಲೇ ಲಿಫ್ಟು ಗಕ್ಕನೆ ನಿಂತಿತು.

ಗಂಟಿನಲ್ಲಿ ಏನೆಂದು ಫೈಝಲ್ ಕೇಳಿದ. ಒಗೆಯುವ ಬಟ್ಟೆ ಎಂದ ಮೋನಪ್ಪ. ಸಹಾಯಕ್ಕೆಂದು ಫೈಝಲ್ ಒಂದು ತುದಿ ಹಿಡಿದ.

“ಅಂಕಲ್, ಬಟ್ಟೆ ಕಲ್ಲಿನ ಹಾಗೆ ಉಂಟಲ್ಲ.”

“ಜೀನ್ಸ್,” ಎಂದ ಮೋನಪ್ಪ.

ಒಳಗೆ ಸೆಕೆ ಏರಿತು. ಕಟ್ಟಡ ನೋಡಿಕೊಳ್ಳುವ ಹಾರಿಸ್ ಬಂದು ಬಾಗಿಲು ಮೀಟುವಷ್ಟರಲ್ಲಿ ಮೋನಪ್ಪ ಬೇಯಿಸಿದ ಕೆಸುವಿನಂತಾಗಿದ್ದ. ಹೊರಗೆ ಅರ್ಧ ಕಟ್ಟಡವೇ ಸೇರಿತ್ತು. ಯಾರೋ ಗಂಟನ್ನು ಇಸಕೊಂಡು ಅಬ್ಬಾ ಎಂದರು, ಮತ್ತೊಬ್ಬರು ಎತ್ತಿ ನೋಡಿ ನಕ್ಕರು. ಕೊನೆಗೆ ಫೈಝಲ್ ಅದನ್ನು ಹೆಗಲಿಗೇರಿಸಿ, ನೀರು ಕುಡಿದು ಹೋಗಿ ಎಂದು ಮೋನಪ್ಪನನ್ನು ತನ್ನ ಮನೆಗೇ ಕರೆದೊಯ್ದ.

ಖತೀಜಮ್ಮ ನೀರು ಕೊಟ್ಟರು. ಗಂಟನ್ನು ಇಲ್ಲಿಡಬಹುದೇ ಎಂದು ಮೋನಪ್ಪ ಕೇಳಬೇಕೆನ್ನುವಷ್ಟರಲ್ಲಿ ಅವರೇ ಒಳಕೋಣೆಯ ಬಾಗಿಲು ತೆರೆದರು. ಅಲ್ಲಿ ರೈಸ್ ಕುಕ್ಕರ್, ದೋಸೆ ಕಾವಲಿ, ಹೊಸ ಕಂಬಳಿ, ಮೆಣಸಿನ ಪುಡಿಯ ಡಬ್ಬ ಸಾಲಾಗಿದ್ದವು.

“ನಿನ್ನ ಪಾಲು, ಮೋನಪ್ಪ. ಪುಷ್ಪ ಬೆಳಿಗ್ಗೆ ನೀನು ಏಳುವ ಮೊದಲೇ ತಂದಿಟ್ಟದ್ದು. ಕೈಯಲ್ಲಿ ಕೊಟ್ಟರೆ ನೀನು ಬೇಡ ಹೇಳುತ್ತಿ ಅಂತೆ. ಇನ್ನು ಫಿಂಟಾಸ್‌ನ ಹೊಸ ರೂಮಿಗೆ ಹೋದ ಮೇಲೆ ಒಬ್ಬನೇ ಎಂತ ತಿಂತಾನೆ ಅಂತ ಅವಳಿಗೆ ಚಿಂತೆ.” ಖತೀಜಮ್ಮ ದನಿ ತಗ್ಗಿಸಿದರು. “ಗ್ರೈಂಡರನ್ನೂ ನಿನಗೇ ಕೊಡ್ಲಿಕ್ಕೆ ಅಂತ ಈಗ ಮೇಲೆ ಹೋದಳು. ನೋಡಿದರೆ ಅದೇ ಇಲ್ಲ. ಕಳ್ಳರು ಹೊಕ್ಕಿದ್ದಾರೆ ಅಂತ ಇಲ್ಲಿಗೆ ಓಡಿ ಬಂದು ಹೇಳಿ, ಹಾರಿಸನನ್ನು ಹುಡುಕಿಕೊಂಡು ಹೋಗಿದ್ದಾಳೆ.”

ಮೋನಪ್ಪ ಲೋಟ ಕೆಳಗಿಟ್ಟ. ಗಂಟನ್ನು ಎತ್ತಿಕೊಂಡು ಓಡುವುದೆಂದು ಬಗ್ಗಿದ. ಅವಸರದಲ್ಲಿ ಬೆಡ್‌ಶೀಟು ಬಿಚ್ಚಿ, ರುಬ್ಬುವ ಕಲ್ಲೊಂದು ಉರುಳುತ್ತ ಹೋಗಿ, ಹಾರಿಸನ ಜೊತೆ ಆಗತಾನೆ ಬಾಗಿಲಿಗೆ ಬಂದಿದ್ದ ಪುಷ್ಪಾವತಿಯ ಚಪ್ಪಲಿಗೆ ತಾಗಿ ನಿಂತಿತು.

ಹಾರಿಸ್ ಗ್ರೈಂಡರನ್ನು ನೋಡಿದ, ಮೋನಪ್ಪನನ್ನು ನೋಡಿದ, ಆಮೇಲೆ ಲಿಫ್ಟಿನ ಕೆಲಸ ನೆನಪಾದವನಂತೆ ಮೆಲ್ಲಗೆ ಜಾರಿಕೊಂಡ.

ಪುಷ್ಪಾವತಿ ಕಲ್ಲನ್ನು ಎತ್ತಿ ಸೆರಗಿನಿಂದ ಒರೆಸಿದಳು.

“ಕೇಳಿದ್ದರೆ ಕೊಡ್ತಿದ್ದೆ,” ಎಂದಳು. “ಇನ್ನು ಇದು ನನಗೇ ಇರಲಿ. ಮೇಲೆ ತಂದುಕೊಡಿ.”

ಲಿಫ್ಟು ಇನ್ನೂ ಸರಿಯಾಗಿರಲಿಲ್ಲ. ಕಲ್ಲು ಹಿಡಿದು ಅವಳು ಮುಂದೆ, ಗ್ರೈಂಡರ್ ಹೊತ್ತು ಅವನು ಹಿಂದೆ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯ ತಿರುವಿನಲ್ಲಿ ಅವಳು ಹಿಂತಿರುಗಿ ನೋಡದೆ ಹೇಳಿದಳು:

“ನಿಧಾನ. ನಿಮ್ಮ ಸೊಂಟ ಹಿಡ್ಕೊಳ್ತದೆ.”

ಮೋನಪ್ಪನಿಗೆ ಅಳು ಬಂತು. ಎರಡೂ ಕೈಗಳಲ್ಲಿ ಗ್ರೈಂಡರ್ ಇದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.