ಅಮೇರಿಕದ ಹುಳಿ ಪಾನಕ

ಜೀಪು ಓಡಿಸುವ ಸಿದ್ದರಾಜುವಿಗೆ ಆ ಬಾಟಲಿ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ. ಬೇರೆ ಯಾವ ದಿನ ಸಿಕ್ಕಿದ್ದರೂ ನಡೆಯುತ್ತಿತ್ತು. ಆ ಭಾನುವಾರ ಅವನ ಹೆಂಡತಿ ಭಾವನಾ ಚುಂಚನಕಟ್ಟೆಯ ತವರಿನಿಂದ ಕೋಟೆ ಊರಿನ ಗಂಡನ ಮನೆಗೆ ವಾಪಸು ಬರುವವಳಿದ್ದಳು. ಜೊತೆಗೆ ಅವಳ ತಾಯಿ ಪ್ರೇಮಮ್ಮ. ಸರಿಯಾಗಿ ಹೇಳಬೇಕೆಂದರೆ ಬರುತ್ತಿದ್ದದ್ದು ಪ್ರೇಮಮ್ಮನ ಮೂಗು. ಉಳಿದವರು ಅದರ ಜೊತೆಗೆ ಬರುತ್ತಿದ್ದರು.

ಮೂರು ತಿಂಗಳ ಹಿಂದೆ, ಭಾವಮೈದುನನ ರಿಸೆಪ್ಷನ್ನಿನಲ್ಲಿ, ಸಿದ್ದರಾಜು ಚೌಲ್ಟ್ರಿಯ ಹಿಂದುಗಡೆ ಕುಡಿದು ಬಂದು ಗಂಡಿಗೆಂದು ಹಾಕಿದ್ದ ಕೆಂಪು ಕುರ್ಚಿಯಲ್ಲಿ ಕೂತು ಗೊರಕೆ ಹೊಡೆದಿದ್ದ. ಇಬ್ಬರು ಹಿಡಿದೆತ್ತಿದರೂ ಏಳಲಿಲ್ಲ. ಆಲ್ಬಮಿನ ಅರ್ಧ ಫೋಟೊಗಳಲ್ಲಿ ಹೆಣ್ಣಿನ ಪಕ್ಕ ಸಿದ್ದರಾಜು ಬಾಯಿ ತೆರೆದು ಮಲಗಿದ್ದಾನೆ. ಗಂಡು ಹಿಂದೆ ನಿಂತಿದ್ದಾನೆ, ಎಲೆ ಎತ್ತಲು ಬಂದವನ ಹಾಗೆ. ಭಾವನಾ ಅವತ್ತೇ ತಾಯಿಯ ಮನೆಯಲ್ಲಿ ಉಳಿದುಬಿಟ್ಟಳು.

ಪ್ರೇಮಮ್ಮ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ತನ್ನ ಬೀದಿಯ ಹೆಂಡದಂಗಡಿಗೆ ಬೀಗ ಹಾಕಿಸಿದ ಹೆಣ್ಣು. ಗಂಡಸರು ಏಲಕ್ಕಿ ಜಗಿದು ಬಂದರೂ, ಹಸಿ ಈರುಳ್ಳಿ ಕಚ್ಚಿ ಬಂದರೂ, ಆ ಮೂಗು ಅದರ ಆಚೆಗಿರುವುದನ್ನು ಹಿಡಿದು ಹೊರಗೆಳೆಯುತ್ತಿತ್ತು. "ಬತ್ತೀನಿ ಅಳಿಯಂದ್ರೆ. ಬಾಯಿ ಊದಿಸಿ ನೋಡ್ತೀನಿ. ಸರಿಯಾಗಿದ್ರೆ ಮಗಳ್ನ ಬುಟ್ಟೋಯ್ತೀನಿ. ಇಲ್ದಿದ್ರೆ ಬಂದ ಬಸ್ಸಿಗೇ ವಾಪಸ್ಸು," ಎಂದು ಫೋನಿನಲ್ಲಿ ಹೇಳಿದ್ದಳು.

ಸಿದ್ದರಾಜು ಹೆದರಲಿಲ್ಲ. ಆ ರಿಸೆಪ್ಷನ್ ಆದ ಮೇಲೆ ಒಂದು ತೊಟ್ಟೂ ಮುಟ್ಟಿರಲಿಲ್ಲ. ತಾನೇ ಅನ್ನ ಮಾಡಿಕೊಂಡು, ತಾನೇ ಪಾತ್ರೆ ತಿಕ್ಕಿಕೊಂಡು, ಭಾವನಾಳ ತುಳಸಿಗಿಡಕ್ಕೆ ಮರೆಯದೆ ನೀರು ಹಾಕಿಕೊಂಡು ದಿನ ನೂಕಿದ್ದ. ಒಬ್ಬನೇ ಕೂತು ತಿನ್ನುವ ಸಾರು ಎಷ್ಟು ಸಪ್ಪೆಯೆಂಬುದು ಅವನಿಗೆ ಚೆನ್ನಾಗಿ ಗೊತ್ತಾಗಿತ್ತು.

ಬಾಟಲಿ ಕೊಟ್ಟವಳು ಬೇಗೂರಿನ ಕಡೆಯ ರೆಸಾರ್ಟಿಗೆ ಬಂದಿದ್ದ ಲೂಸಿ ಎಂಬ ಅಮೇರಿಕದ ಹೆಂಗಸು. ಅವನ ಜೀಪಿನಲ್ಲಿ ಕಾಡು ಸುತ್ತಿ ಆನೆ ಕಂಡ ಖುಷಿಗೆ, ಕಾಗದ ಸುತ್ತಿದ ದಪ್ಪ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮ್ಯಾನೇಜರ್ ನಂಜುಂಡೇಶ್ ಬಿಡಿಸಿ ಹೇಳಿದ: "ಬೀರು ಕಣಪ್ಪ. ಬೆಲ್ಜಿಯಂ ದೇಶದಲ್ಲಿ ಹಣ್ಣು ಹಾಕಿ ಹುಳಿ ಬರ್ಸಿ ಮಾಡ್ತಾರಂತೆ. ಇವ್ರು ಅದನ್ನ ಅಮೇರಿಕದಲ್ಲಿ ಕಲ್ತು, ಚೆರಿ ಹಣ್ಣು ಹಾಕಿ, ಮರದ ಪೀಪಾಯಲ್ಲಿ ವರ್ಷಗಟ್ಟಲೆ ಇಟ್ಟು ಸ್ವಂತ ಕೈಲಿ ಮಾಡಿದ್ದು. ರುಚಿ ಹೆಂಗಿತ್ತು ಅಂತ ಸಾಯಂಕಾಲ ಕೇಳ್ತಾರೆ."

"ನಾನು ಬುಟ್ಬುಟ್ಟಿದೀನಿ ಸಾರ್."

"ಯಾರಿಗಾದ್ರೂ ಕುಡ್ಸಿ ಕೇಳ್ಕಂಡು ಹೇಳು. ಪಾಪ, ಕೈಯಾರೆ ಮಾಡಿದ್ದನ್ನ ಚೆಲ್ಲಿದೆ ಅಂದ್ರೆ ನೊಂದ್ಕಳ್ಳಲ್ವಾ."

ಅದು ಸಿದ್ದರಾಜುವಿನ ಮನಸ್ಸಿಗೂ ನಾಟಿತು. ಬಸ್ಸು ಬರುವುದು ಮಧ್ಯಾಹ್ನ. ಅಷ್ಟರೊಳಗೆ ಗೆಳೆಯ ಮಂಚಯ್ಯನಿಗೆ ಕುಡಿಸಿ, ರುಚಿ ಕೇಳಿ, ಬಾಟಲಿಯನ್ನು ದೂರ ಎಸೆದರಾಯಿತು ಎಂದುಕೊಂಡ. ಕೋಟೆಯವರೆಗಿನ ಗುಂಡಿಗಳೆಲ್ಲ ಸೇರಿ ಬಾಟಲಿಯನ್ನು ಮಜ್ಜಿಗೆ ಕಡೆದಂತೆ ಕಡೆದವು. ಬಿಸಿಲು ತನ್ನ ಪಾಲಿನದನ್ನು ಮಾಡಿತು.

ಹಿತ್ತಲಲ್ಲಿ ಮಂಚಯ್ಯ ತಂತಿ ಬಿಚ್ಚಿ ಬಿರಡೆಗೆ ಹೆಬ್ಬೆರಳು ತಾಗಿಸಿದ್ದೇ ತಡ, ಲಕ್ಷ್ಮೀ ಪಟಾಕಿ ಸಿಡಿದಂತಾಯಿತು. ಬಿರಡೆ ಗೋಡೆ ದಾಟಿ ಹಾರಿಹೋಯಿತು. ಕೆಂಪು ನೊರೆ ಉಕ್ಕಿ ಸಿದ್ದರಾಜುವಿನ ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಓಕುಳಿಯಾಡಿತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಮಂಚಯ್ಯ ಮಾತ್ರ ಕರ್ತವ್ಯ ಮರೆಯಲಿಲ್ಲ. ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ. ಅವನ ಒಂದು ಕಣ್ಣು ಮುಚ್ಚಿತು, ಕಿವಿಗಳು ಹಿಂದಕ್ಕೆ ಸರಿದವು.

"ಹೆಂಗದೆ?"

"ಮೊದ್ಲು ಕವಳೆಹಣ್ಣು. ಆಮೇಲೆ ಹುಣ್ಸೆಹಣ್ಣು. ಕಡೇಲಿ ನಮ್ಮ ಕೊಟ್ಟಿಗೆ."

"ಕೊಟ್ಟಿಗೆಯಾ?"

"ಊಂ ಕಣ್ಲಾ. ಹಸ ಕಟ್ಟಿರೋ ಕೊಟ್ಟಿಗೆ. ಬೀರು ಅಂದ್ರೆ ಕಹಿ ಇರ್ಬೇಕು. ಇದು ಹುಳಿ. ದಾರೀಲಿ ಕೆಟ್ಟೋಗದೆ, ಪಾಪ."

ಅಷ್ಟರಲ್ಲಿ ಪಕ್ಕದ ಮನೆಯ ಸುಕನ್ಯಕ್ಕ ಬಿರಡೆ ಹಿಡಿದುಕೊಂಡು ಬಂದೇಬಿಟ್ಟಳು. ಅದು ಸೀದಾ ಅವಳು ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದಿತ್ತು. "ಏನ್ರಪ್ಪಾ ಇದು, ಕೋವಿ ಗೀವಿ ಹಾರಿಸ್ತಿದೀರಾ? ಏನದು ಕೆಂಪಗೆ?"

"ಹಣ್ಣಿನ ರಸ ಕಣಕ್ಕ. ಫಾರಿನ್ನು," ಎಂದ ಮಂಚಯ್ಯ. ಬಾಟಲಿಯ ಮೇಲೆ ಚೆರಿ ಹಣ್ಣಿನ ಚಿತ್ರವೂ ಇತ್ತು. ಸಿದ್ದರಾಜು ಬಾಯಿಬಿಡದೆ ತಲೆಯಾಡಿಸಿದ. ಅವನ ಕಷ್ಟ ಶುರುವಾದದ್ದು ಬಿರಡೆ ಹಾರಿದಾಗ ಅಲ್ಲ, ಆ ತಲೆ ಆಡಿದಾಗ.

ಸುಕನ್ಯಕ್ಕ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದಳು. "ಅಯ್ಯೋ, ಸಕ್ಕರೆಯೇ ಹಾಕಿಲ್ವಲ್ಲೋ ಇವ್ರು. ಹಣ್ಣು ಹಿಂಡೋಕೆ ಗೊತ್ತು, ಪಾನಕ ಮಾಡೋಕೆ ಗೊತ್ತಿಲ್ಲ. ಕೊಡಿಲ್ಲಿ," ಎಂದು ಬಾಟಲಿಯನ್ನು ಸೆರಗಿನಡಿ ಇಟ್ಟುಕೊಂಡು ಹೋದಳು. ಮನೆಯಿಂದ ಪೀಡೆ ತೊಲಗಿತೆಂದು ಸಿದ್ದರಾಜುವಿಗೆ ನಿರಾಳವಾಯಿತು. ತಲೆಯ ಮೇಲೆ ನೀರು ಸುರಿದುಕೊಂಡು, ಬೇರೆ ಅಂಗಿ ತೊಟ್ಟು, ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ಓಡಿದ.

ಬಸ್ಸು ಬಂತು, ಖಾಲಿಯಾಯಿತು. ಅತ್ತೆಯಿಲ್ಲ, ಹೆಂಡತಿಯಿಲ್ಲ. ಬರುವುದೇ ಬೇಡವೆಂದು ತೀರ್ಮಾನಿಸಿದರೇನೋ ಎಂದು ಎದೆ ಭಾರವಾಗಿ ಮನೆಗೆ ಬಂದರೆ, ಪ್ರೇಮಮ್ಮ ಸುಕನ್ಯಕ್ಕನ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅದಕ್ಕೂ ಮುಂಚಿನ ಬಸ್ಸಿಗೇ ಬಂದಿದ್ದರು. ಭಾವನಾ ಹೂವು ತರಲು ಅಂಗಡಿ ಬೀದಿಯಲ್ಲಿ ಇಳಿದಿದ್ದಳು. ಬಿಸಿಲಲ್ಲಿ ಬಂದ ನೆಂಟರಿಗೆ ಏನಾದರೂ ಕುಡಿಯಲು ಕೊಡದೆ ಇರುತ್ತಾರೆಯೇ? ಸುಕನ್ಯಕ್ಕ ಬೆಲ್ಲ ಕರಗಿಸಿ, ಏಲಕ್ಕಿ, ಶುಂಠಿ ಕುಟ್ಟಿ ಹಾಕಿ, ಚೊಂಬು ತುಂಬ ಪಾನಕ ಕೊಟ್ಟಿದ್ದಳು. ಚೊಂಬು ಈಗ ಮಗುಚಿ ಬಿದ್ದಿತ್ತು. ಇಬ್ಬರೂ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸೋಬಾನೆ ಹೇಳುತ್ತಿದ್ದರು, ಒಂದೊಂದು ಸಾಲು ಬೇರೆ ಬೇರೆ ಹಾಡಿನದು.

ಸಿದ್ದರಾಜು ಬಗ್ಗಿ ಚೊಂಬಿನೊಳಗೆ ಇಣುಕಿದ, ತಳದಲ್ಲಿ ಕೆಂಪು ಹನಿಯಿತ್ತು.

"ಬನ್ನಿ ಅಳಿಯಂದ್ರೆ, ಬನ್ನಿ. ಎಲ್ಲಿ, ಊದಿ," ಎಂದಳು ಪ್ರೇಮಮ್ಮ.

ಅವನು ಬಗ್ಗಿ ಊದಿದ. ಆ ದೊಡ್ಡ ಮೂಗು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು. "ಏನೂ ಇಲ್ಲ. ಚಿನ್ನದಂತವ್ರು. ನಿಮ್ಮ ಫೋಟೋನೂ ಚೆನ್ನಾಗೇ ಬಂದಿತ್ತು ಬುಡಿ, ಆಲ್ಬಮ್ಮಲ್ಲಿ."

ಅಷ್ಟರಲ್ಲಿ ಮಲ್ಲಿಗೆಯ ಪೊಟ್ಟಣ ಹಿಡಿದು ಭಾವನಾ ಬಂದಳು. ಗಂಡನ ಮುಖ ನೋಡಿ ಅರ್ಧ ನಕ್ಕವಳು ಹಾಗೇ ನಿಂತಳು. ತಾಯಿಯ ಮೂಗು ಮಗಳಿಗೂ ಸ್ವಲ್ಪ ಬಂದಿತ್ತು. "ಇಲ್ಲಿ ಯಾರೋ ಕುಡ್ದವ್ರೆ."

ಹೌದೆಂದರೆ ಹೆಂಡದಂಗಡಿ ಮುಚ್ಚಿಸಿದ ಹೆಂಗಸಿನ ಮಾನ ಹೋಗುತ್ತದೆ. ಇಲ್ಲವೆಂದರೆ ಸುಳ್ಳು. ಸಿದ್ದರಾಜು ತುಳಸಿಗಿಡದ ಕಡೆಗೊಮ್ಮೆ ನೋಡಿದ. ಮೂರು ತಿಂಗಳು ಬೆಳೆಸಿದ್ದು ಕಣ್ಣೆದುರೇ ಒಣಗಿದಂತೆ ಕಂಡಿತು.

"ನಾನೇ ಕಣೆ," ಎಂದ ಮೆಲ್ಲಗೆ.

"ಸುಳ್ಳು," ಎಂದಳು ಪ್ರೇಮಮ್ಮ. "ಈಗ ತಾನೇ ಊದಿಸಿದೀನಿ."

ಭಾವನಾ ಗಂಡನ ಹತ್ತಿರ ಬಂದು ಮೂಸಿದಳು. ಬರಿಯ ಸೋಪಿನ ವಾಸನೆ. ತಾಯಿಯ ಹತ್ತಿರ ಬಗ್ಗಿದಳು. ಪ್ರೇಮಮ್ಮ ಬಿಕ್ಕಳಿಸಿದಳು. ಭಾವನಾ ಮಗುಚಿದ ಚೊಂಬನ್ನು ನೋಡಿದಳು, ತಲೆ ತಗ್ಗಿಸಿದ್ದ ಗಂಡನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಹೆಗಲು ಕುಲುಕುವಂತೆ ನಕ್ಕಳು. "ಬೀಗ ತೆಗೀರಿ," ಎಂದಳು. "ಅವ್ವನ್ನ ಒಳಗೆ ಮಲಗ್ಸಣ. ಅನ್ನಕ್ಕಿಡ್ತೀನಿ."

ಸಾಯಂಕಾಲ ಸಾರಿನ ಒಗ್ಗರಣೆಯ ಘಮ ಮನೆ ತುಂಬಿದಾಗ ಸಿದ್ದರಾಜುವಿಗೆ ಕಣ್ಣು ತುಂಬಿ ಬಂತು. ಆಗಲೇ ನಂಜುಂಡೇಶನ ಫೋನು. ಸಿದ್ದರಾಜು ಪಡಸಾಲೆಯ ಮೂಲೆಗೆ ಹೋಗಿ ಕವಳೆ, ಹುಣಸೆ, ಕೊಟ್ಟಿಗೆ ಎಲ್ಲವನ್ನೂ ಒಪ್ಪಿಸಿ, ಬೆಲ್ಲ ಹಾಕಿ ನಮ್ಮತ್ತೆಯೇ ಕುಡಿದರೆಂದ. ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. "ಕೊಟ್ಟಿಗೆ ಅಂದಿದ್ದಕ್ಕೆ ಆಯಮ್ಮ ಕುಣೀತಾ ಅವ್ರೆ ಕಣಯ್ಯ. ಒಳ್ಳೇ ಹುಳಿ ಬೀರಿಗೆ ಅದೇ ವಾಸನೆ ಬರ್ಬೇಕಂತೆ. ಉಳಿದ ಬಾಟಲಿ ಎಲ್ಲಾ ನಿಮ್ಮತ್ತೆಗಂತೆ. ನಾಳೆ ಬಂದು ತಗಂಡೋಗು."

"ಬ್ಯಾಡಿ ಸಾರ್, ದಮ್ಮಯ್ಯ ಅಂತೀನಿ—"

ಬೆನ್ನ ಹಿಂದೆ ಬಳೆ ಸದ್ದಾಯಿತು. ಪ್ರೇಮಮ್ಮ ಎದ್ದು ಬಂದು ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಮಗಳು ಒಲೆಯ ಮುಂದಿದ್ದಾಳೆಂದು ಇಣುಕಿ ನೋಡಿ ಖಾತ್ರಿ ಮಾಡಿಕೊಂಡು, ಅಳಿಯನ ಕಿವಿಯ ಹತ್ತಿರ ಬಂದಳು.

"ಬ್ಯಾಡ ಅನ್ನಬ್ಯಾಡಿ ಅಳಿಯಂದ್ರೆ. ಆವಮ್ಮ ನೊಂದ್ಕತದೆ."

"ಅತ್ತೆ, ಅದು ಪಾನಕ ಅಲ್ಲ, ಅದು..."

"ಈ ಮೂಗಿಗೆ ಹೇಳ್ಕೊಡ್ತೀರಾ? ಮೊದಲ್ನೇ ಗುಟುಕಿಗೇ ಗೊತ್ತಾಯ್ತು," ಎಂದಳು ಪ್ರೇಮಮ್ಮ ನಾಚುತ್ತ. "ಮಂಡಿ ನೋವು ಇಳ್ದದೆ ಕಣಪ್ಪ. ನಾನು ಇಲ್ಲೇ ಇರ್ತೀನಿ, ಅದು ಮುಗಿಯಗಂಟ. ಜೀಪಲ್ಲಿ ಬಚ್ಚಿಟ್ಕಂಡು ತನ್ನಿ. ಭಾವನಾ ಕೈಗೇನಾದ್ರೂ ಸಿಕ್ತು ಅನ್ನಿ, ನಿಮ್ಮದೇ ಅಂತ ಹೇಳ್ಬುಡ್ತೀನಿ."

ಅಡುಗೆಮನೆಯಿಂದ ಭಾವನಾಳ ದನಿ ಬಂತು: "ಅವ್ವಾ, ಏನದು ಅಲ್ಲಿ ಗುಸುಗುಸು?"

ಪ್ರೇಮಮ್ಮ ತಟ್ಟನೆ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ದನಿ ಏರಿಸಿದಳು.

"ಏನಿಲ್ಲ ಕಣವ್ವ, ಊದುಸ್ತಾ ಇವ್ನಿ. ಊಂ, ಊದಿ ಅಳಿಯಂದ್ರೆ."