ತುಂಗಭದ್ರೆ ದಾಟಿದ ತಂಗಡಿ

ದೇವರು ತಂಗಡಿ ಗಿಡವನ್ನು ಸೃಷ್ಟಿಸುವ ಮುನ್ನ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಅದು ನನ್ನ ಸೋದರಮಾವನನ್ನೇ! ಇಲ್ಲದಿದ್ದರೆ ಆ ಹಳದಿ ಹೂವಿನ ಗಡಿ ಅವರಿಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತಿರಬೇಕು? ತುಂಗಭದ್ರೆ ದಾಟಿದರೆ ತಂಗಡಿ ಇಲ್ಲ, ಮುಗಿಯಿತು. ಅಹಮದಾಬಾದಿಗೆ ವರ್ಗವಾದಾಗ ಹರಿಹರದ ಸೇತುವೆ ದಾಟಿದ್ದೇ ರೈಲಿನ ಕಿಟಕಿ ಮುಚ್ಚಿದವರು, ಇನ್ನು ನೋಡುವುದೇನಿದೆ ಎಂದು ಗುಜರಾತಿನವರೆಗೂ ತೆರೆಯಲಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಓದಲೆಂದು ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಅವರ ಮನೆಯಲ್ಲಿದ್ದೆ. ದೀಪಾವಳಿಗೆ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ನೆತ್ತಿಗೆ ತಂಗಡಿ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಹೂವು ಊರಿನಿಂದ ಅಂಚೆಯಲ್ಲಿ ಬರಬೇಕು. ಬರುತ್ತಿತ್ತು, ನಶ್ಯದಪುಡಿಯಾಗಿ! ಮಾವ ಬಾಲ್ಕನಿಯಲ್ಲಿ ಕೂತ ಐವರ ತಲೆಗೂ ಅದನ್ನೇ ಉದುರಿಸಿ, ಈ ವರ್ಷ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕೆಂದು ಧರ್ಮರಾಯನಿಗೆ ಖುದ್ದಾಗಿ ವಿನಂತಿಸುತ್ತಿದ್ದರು. ಭೀಮನ ಹತ್ತಿರ ಮಾತ್ರ ಮಾತಾಡುತ್ತಿರಲಿಲ್ಲ, ಭಯ.

ಮೂರನೆಯ ವರ್ಷ ಪುಡಿಯೂ ಬರಲಿಲ್ಲ. ಅತ್ತೆ ಸಗಣಿಯ ಕೈಯಲ್ಲೇ ಕೂತು ಅತ್ತುಬಿಟ್ಟರು. ಒಂದು ಹೂವೂ ಹುಟ್ಟದ ಊರಲ್ಲಿ ತನ್ನಿಂದ ಇರಲಾಗದು, ಹಬ್ಬ ಮುಗಿದ ಮೇಲೆ ತವರಿಗೆ ಹೋದರೆ ತಿರುಗಿ ಬರುವುದಿಲ್ಲ ಎಂದರು. ಅತ್ತೆ ತಮಾಷೆಗೆ ಹೇಳುತ್ತಿರಲಿಲ್ಲ.

ಅಳು ಕೇಳಿ ಪಕ್ಕದ ಮನೆಯ ಗುಜರಾತಿ ಹೆಂಗಸು, ನಾವೆಲ್ಲ ‘ಬೆನ್’ (ಅಕ್ಕ) ಎನ್ನುತ್ತಿದ್ದವರು, ಬಂದರು. ಎಂಥ ಹೂವೆಂದು ನನ್ನ ಅರೆಬರೆ ಹಿಂದಿಯಿಂದಲೇ ತಿಳಿದುಕೊಂಡು, ನಮ್ಮನ್ನು ಹೌಸಿಂಗ್ ಸೊಸೈಟಿಯ ಹಿಂದಿನ ಖಾಲಿ ಜಾಗಕ್ಕೆ ಕರೆದೊಯ್ದರು. ಸೊಂಟದೆತ್ತರಕ್ಕೆ, ಕಣ್ಣು ಹಾಯುವಷ್ಟು ದೂರ, ತಂಗಡಿ!

"ಯೆ ತೋ ಆವಳ್ ಹೈ. ಕಿತ್ನಾ ಚಾಹಿಯೇ?" ಎಂದರು ಬೆನ್. ತಂಗಡಿಗೆ ಅವರಲ್ಲಿ ಆವಳ್ ಎಂದು ಹೆಸರು; ಎಷ್ಟು ಬೇಕು ಎಂದು ಕೇಳುತ್ತಿದ್ದರು.

ಇಲ್ಲಿ ಇದು ಅವರ ಅಜ್ಜಿಯ ಕಾಲದಿಂದಲೂ ಇದೆಯಂತೆ. ಮಾವ ಹೂವನ್ನು ಮೂಸಿದರು, ಎಸಳು ಎಣಿಸಿದರು, ಸಾಲದೆಂದು ಒಂದನ್ನು ಅಗಿದೂ ನೋಡಿದರು. ಇನ್ನು ನಕಲಿ ಎನ್ನುತ್ತಾರೆ ಎಂದು ನಾನು ನಗು ತಡೆದುಕೊಂಡು ಕಾದೆ.

ಅವರು ಅತ್ತೆಯ ಕಡೆ ತಿರುಗಿದರು.

"ನಂದೇ ತಪ್ಪು ಕಣೇ. ನಿನ್ನನ್ನ ಪರದೇಶಕ್ಕೆ ತಂದು ಹಾಕಿದೆ ಅಂತ ಮೂರು ವರ್ಷ ಒಳಗೊಳಗೇ ಸಾಯ್ತಿದ್ದೆ. ಒಂದ್ಸಲಾನೂ ಹಿತ್ತಲಿಗೆ ಬಂದು ನೋಡ್ಲಿಲ್ಲ."

ನನ್ನ ನಗು ಎಲ್ಲಿ ಹೋಯಿತೋ! ಅತ್ತೆ ಸೆರಗೊಡ್ಡಿದರು. ಮಾವ ಎರಡೂ ಕೈಯಲ್ಲಿ ಗೊಂಚಲು ಗೊಂಚಲೇ ಕಿತ್ತು ತುಂಬತೊಡಗಿದರು. ಸ್ವಲ್ಪ ಹೊತ್ತಿಗೆ ಅತ್ತೆ ಅವರ ಕೈ ಹಿಡಿದು ತಡೆದರು.

"ಸಾಕು ಬಿಡ್ರಿ, ಗಿಡ ಬೋಳಿಸ್ಬೇಡಿ. ಬರೋ ವರ್ಷಕ್ಕೂ ಬೇಕಲ್ಲ."